ಅತ್ತೆಯ ಮಂಡಿ, ಕಾರಿನ ಎತ್ತರ

ಮಂಡಿಗಳು ಸರಿಯಾಗಿದ್ದ ಕಾಲದಲ್ಲಿ ನಮ್ಮ ಅತ್ತೆ ಮನೆಯಲ್ಲಿ ಇದ್ದದ್ದಕ್ಕಿಂತ ಬಸ್ಸಿನಲ್ಲಿ ಇದ್ದದ್ದೇ ಹೆಚ್ಚು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಜಾವಗಲ್ ಕಡೆಯ ಬಸ್ಸು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಹಳೇಬೀಡಿಗೆ ನೇರ ಹೋಗುವುದು ಯಾವುದು, ಯಾವ ಕಂಡಕ್ಟರು ಚಿಲ್ಲರೆ ಕೊಡದೆ ಸತಾಯಿಸುತ್ತಾನೆ, ಎಲ್ಲ ಅವರಿಗೆ ಬಾಯಿಪಾಠ. ನಾಮಕರಣ, ಗೃಹಪ್ರವೇಶ, ಮಠದ ದಾಸೋಹ, ಯಾವುದನ್ನೂ ಬಿಡುತ್ತಿರಲಿಲ್ಲ. ಕರೆದವರ ಮನೆಗೆ ಹೋಗುತ್ತಿದ್ದರು. ಕರೆಯದವರ ಮನೆಗೆ, ‘ಪಾಪ, ಕೆಲಸದ ಗಡಿಬಿಡೀಲಿ ಮರೆತಿರ್ಬೇಕು’ ಎಂದುಕೊಂಡು ಹೋಗುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಹೋಗುತ್ತಿದ್ದದ್ದು ಹಳೇಬೀಡಿಗೆ. ಅಲ್ಲಿ ಅವರ ಅಕ್ಕ ಇದ್ದಾರೆ, ನಾವು ದೊಡ್ಡಮ್ಮ ಅನ್ನುತ್ತೇವೆ. ಅಕ್ಕ ತಂಗಿ ಇಬ್ಬರೂ ಜಗಲಿಯ ಮೇಲೆ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತರೆ ಎರಡೂ ತಾಲ್ಲೂಕಿನ ನೆಂಟರಲ್ಲಿ ಒಬ್ಬರಿಗೂ ಬಿಡುಗಡೆಯಿಲ್ಲ. ದೊಡ್ಡಮ್ಮನಿಗೆ ಕಿವಿ ಮಂದ. ಎದುರು ಕೂತು ಮಾತಾಡಿದರೆ ತುಟಿ ನೋಡಿಯಾದರೂ ತಿಳಿದುಕೊಳ್ಳುತ್ತಾರೆ, ಫೋನಿನಲ್ಲಿ ಏನೂ ಆಗುವುದಿಲ್ಲ. ಅತ್ತೆ ಈ ಕಡೆಯಿಂದ ಗಂಟಲು ಹರಿದುಕೊಂಡರೆ ಅವರು ಆ ಕಡೆಯಿಂದ, “ಯಾರೂ ಮಾತಾಡ್ತಿಲ್ಲ ಕಣೇ” ಎಂದು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಹಾಗಾಗಿ ಅತ್ತೆಗೆ ಅಕ್ಕನ ಹತ್ತಿರ ಮಾತಾಡಬೇಕೆಂದರೆ ಹಳೇಬೀಡಿಗೆ ಹೋಗದೆ ಗತಿಯಿಲ್ಲ.

ಅಂಥವರ ಮಂಡಿ ಹೋಯಿತು. ಬಸ್ಸಿನ ಮೆಟ್ಟಿಲು ಮೊದಲು ಕಷ್ಟವಾಯಿತು, ಆಮೇಲೆ ಆಗದೇ ಹೋಯಿತು. ಅದೇ ಹೊತ್ತಿಗೆ ನಮ್ಮವರು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕಾರು ತಂದರು. ನಮ್ಮವರದು ಕೊಬ್ಬರಿ ವ್ಯಾಪಾರ. ವ್ಯಾಪಾರಸ್ಥ ಎತ್ತರದ ಗಾಡಿಯಲ್ಲಿ ಬಂದಿಳಿದರೆ ಮಾರುಕಟ್ಟೆಯಲ್ಲಿ ಮಾತಿಗೆ ತೂಕ ಬರುತ್ತದೆ ಎಂದು ಅವರ ನಂಬಿಕೆ. ತಂದದ್ದು ಜೀಪಿನಂಥ ಗಾಡಿ. ಸೀಟು ನನ್ನ ಸೊಂಟದ ಹತ್ತಿರ. ನಾನೇ ಸೀರೆ ಎತ್ತಿ ಹಿಡಿದು, ಬಾಗಿಲಿನ ಹಿಡಿ ಹಿಡಿದು, ಮನೆದೇವರನ್ನು ನೆನೆದು ಹತ್ತಬೇಕಿತ್ತು.

ಅತ್ತೆಯನ್ನು ಅದರಲ್ಲಿ ಕೂರಿಸಿದ್ದು ಒಂದೇ ಸಲ. ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದೆವು. ನಮ್ಮವರು ಅಂಗಡಿಯಿಂದ ಇಬ್ಬರು ಹಮಾಲಿಗಳನ್ನು ಕರೆದರು. ಒಬ್ಬ ಈ ಕಂಕುಳಿಗೆ, ಇನ್ನೊಬ್ಬ ಆ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡು ನೋಡುತ್ತಾ ನಿಂತರು. ಆ ಹಮಾಲಿಗಳಲ್ಲಿ ಒಬ್ಬ ದಿನವಿಡೀ ಚೀಲ ಎತ್ತುವ ಅಭ್ಯಾಸದಲ್ಲಿ, “ಹುಷಾರ್ ಕಣ್ಲಾ, ಒಡೆದೀತು” ಅಂದುಬಿಟ್ಟ. ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಅತ್ತೆ ಗೃಹಪ್ರವೇಶದಲ್ಲಿ ಹೋಳಿಗೆಯನ್ನೂ ಮುಟ್ಟಲಿಲ್ಲ.

ಮನೆಗೆ ಬಂದು ಕೂತು ಹೇಳಿದರು, “ಇನ್ ಮೇಲೆ ನಾನು ಈ ಹೊಸ್ತಿಲು ದಾಟೋದು ನಾಲ್ಕು ಜನ ಹೊತ್ಕೊಂಡ್ ಹೋಗೋವಾಗ್ಲೇ. ಅವತ್ತು ಯಾರು ನಕ್ರೂ ನಂಗೆ ಕೇಳ್ಸಲ್ಲ.”

ಹೇಳಿದ ಹಾಗೇ ನಡೆದುಕೊಂಡರು. ನಾನು ಪ್ಲಾಸ್ಟಿಕ್ ಸ್ಟೂಲು ತಂದೆ. ಅದರ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ಎತ್ತುವಾಗ ಮಂಡಿ ಕಳಕ್ಕೆಂದಿತು, ಸ್ಟೂಲನ್ನು ಹಿತ್ತಲಿಗೆ ಎಸೆಯಿಸಿದರು. ಆಟೋದಲ್ಲಿ ಹಳೇಬೀಡಿನವರೆಗೆ ಹೋದರೆ ಮಂಡಿಯ ಜೊತೆ ಸೊಂಟವೂ ಕೈಕೊಡುತ್ತದೆ. ಬಾಡಿಗೆಗೆ ಸಣ್ಣ ಕಾರು ಮಾಡೋಣವೆಂದರೆ, “ಮನೆ ಮುಂದೆ ಇಷ್ಟ್ ದೊಡ್ಡ ಗಾಡಿ ನಿಂತೈತೆ, ನಾನು ಬಾಡ್ಗೆ ಕಾರಲ್ಲಿ ಹೋದ್ರೆ ಮಗನ ವ್ಯಾಪಾರ ಬಿತ್ತು ಅಂತಾರೆ” ಅಂದರು. ವ್ಯಾಪಾರಸ್ಥರ ಮನೆಯ ಹೆಂಗಸು, ಅವರ ಲೆಕ್ಕ ತಪ್ಪಲ್ಲ. ಆದರೆ ಸಂಜೆ ಹೊತ್ತು ಕಿಟಕಿಯ ಹತ್ತಿರ ಕೂತು ಬಸ್ಸಿನ ಹಾರ್ನ್ ಕೇಳಿ, “ಇದು ಹಳೇಬೀಡಿನ್ದು” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವಾಗ ನನಗೆ ಕೇಳಲಾಗುತ್ತಿರಲಿಲ್ಲ.

ಉಪಾಯ ಹೊಳೆದದ್ದು ಬೇಲೂರಿನಲ್ಲಿ. ಬೇಲೂರು ನನ್ನ ತವರು. ಅಮ್ಮನ ಮನೆಯ ಪಕ್ಕದ ಬೀದಿಯ ಹುಡುಗನೊಬ್ಬ ಹಳೆಯ ಪುಟ್ಟ ಕಾರೊಂದನ್ನು ನೆಲಕ್ಕೆ ತಗ್ಗಿಸಿ, ಕಪ್ಪು ಚಕ್ರ ಹಾಕಿಸಿ, ಊರೆಲ್ಲ ಸುತ್ತಿಸುತ್ತಿದ್ದ. ಹಂಪ್ ಬಂದರೆ ಗೆಳೆಯರನ್ನೆಲ್ಲ ಇಳಿಸಿ, ಖಾಲಿ ಕಾರು ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಿದ್ದ. ದೇವಸ್ಥಾನದ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಆ ಗೆಳೆಯರು ಕೂತದ್ದಕ್ಕಿಂತ ನಡೆದದ್ದೇ ಹೆಚ್ಚು. “ಕಾರೋ ಹಾವೋ, ಹೊಟ್ಟೆ ಮೇಲೆ ಹೋಗುತ್ತೆ” ಎಂದು ನಮ್ಮಮ್ಮ ಬೈಯುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಒಂದು ದಿನ ತರಕಾರಿ ಚೀಲ ಹಿಡಿದು ಬರುವಾಗ ಅವನ ಅಜ್ಜಿ ಆ ಕಾರಿಗೆ ಹತ್ತುವುದನ್ನು ನೋಡಿದೆ. ಹತ್ತುವುದೆಲ್ಲಿ ಬಂತು, ಕಾರಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂರುವ ಹಾಗೆ ಕೂತು, ಎರಡೂ ಕಾಲನ್ನು ಒಳಗೆಳೆದುಕೊಂಡಳು. ನಮ್ಮ ಅತ್ತೆಗಿಂತ ಹಿರಿಯಳು. ನನ್ನ ನಗು ಅಲ್ಲೇ ನಿಂತಿತು.

ಹುಡುಗನನ್ನು ಹಿಡಿದು ವಿಚಾರಿಸಿದೆ. ಅವನ ಕಾರಿನ ಬಗ್ಗೆ ಮರ್ಯಾದೆಯಿಂದ ಕೇಳಿದ ಮೊದಲ ಹೆಂಗಸು ನಾನೇ ಇರಬೇಕು. ಖುಷಿಯಲ್ಲಿ ಏನೇನೋ ಹೇಳಿದ. ನನಗೆ ತಿಳಿದದ್ದು ಇಷ್ಟು: ಚಕ್ರ ಚಿಕ್ಕದು ಮಾಡಬೇಕು, ಸ್ಪ್ರಿಂಗು ತಗ್ಗಿಸಬೇಕು, ದುಡ್ಡಿದ್ದರೆ ಚೆನ್ನಾಗಿ ಮಾಡಬಹುದು, ಇಲ್ಲದಿದ್ದರೆ ಹೇಗೋ ಮಾಡಬಹುದು.

ನಮ್ಮದು ಹೇಗೋ ಮಾಡುವ ಪಂಗಡ. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ: ಕೊಬ್ಬರಿಯ ದುಡ್ಡು ಗಂಡಸರದ್ದು, ಚಿಪ್ಪಿನ ದುಡ್ಡು ಹೆಂಗಸರದ್ದು. ಅಟ್ಟದ ಮೇಲೆ ಒಣಗಿದ ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಇದ್ದಿಲು ಸುಡುವವರು ಬಂದು ಒಯ್ಯುತ್ತಾರೆ. ಅವರು ಕೊಟ್ಟದ್ದು ಅಡುಗೆಮನೆಯ ಡಬ್ಬಿಗೆ ಬೀಳುತ್ತದೆ, ಅದಕ್ಕೆ ನಾನು ಮತ್ತು ಅತ್ತೆ ಇಬ್ಬರೇ ವಾರಸುದಾರರು. ಹಾಗಾಗಿ ಅತ್ತೆಯ ಒಪ್ಪಿಗೆ ಬೇಕಿತ್ತು. ವಿಷಯ ಹೇಳಿದೆ.

“ಗಾಡಿ ಕಾಲು ಕತ್ತರಿಸ್ತೀಯೇನೇ?” ಎಂದು ಕೇಳಿದರು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ನಕ್ಕು ಬಹಳ ದಿನವಾಗಿತ್ತು. “ಮಾಡ್ಸು. ಆದ್ರೆ ನನ್ ಮಂಡಿಗೋಸ್ಕರ ಅಂತ ಅವ್ನಿಗೆ ಹೇಳ್ಬೇಡ ಕಣೇ. ಅಂಗಡೀಲಿ ಕೂತು ಬಂದೋರ್ಗೆಲ್ಲ ಹೇಳ್ತಾನೆ.”

ನಮ್ಮವರ ಹತ್ತಿರ ಬೇರೆ ರಾಗ ಹಾಡಿದೆ. ಟೈರು ಹೇಗೂ ಸವೆದು ಬೋಳಾಗಿದ್ದವು. “ರೀ, ಇಷ್ಟು ದೊಡ್ಡ ಚಕ್ರ ಇದ್ದರೆ ಡೀಸೆಲ್ ಜಾಸ್ತಿ ಕುಡಿಯುತ್ತಂತೆ. ಸಣ್ಣದು ಹಾಕ್ಸಿಬಿಡೋಣ” ಅಂದೆ.

“ಯಾರ ದುಡ್ಡು?”

“ಚಿಪ್ಪಿಂದು.”

“ಹಾಕ್ಸು ಹಾಕ್ಸು” ಎಂದು ಪೇಪರಿನಲ್ಲಿ ಮುಖ ಹುದುಗಿಸಿದರು. ತನ್ನ ಜೇಬು ಮುಟ್ಟದಿದ್ದರೆ ಎತ್ತಿನ ಗಾಡಿಯ ಚಕ್ರ ಹಾಕಿಸಿದರೂ ಆ ಮನುಷ್ಯ ಕೇಳುವವರಲ್ಲ.

ಅಳತೆಯ ಕೆಲಸ ನಾವಿಬ್ಬರೇ ಮುಗಿಸಿದೆವು. ಜಗಲಿಯ ಮೇಲೆ ದಿಂಬು, ಜಮಖಾನ ಎಂದು ಪೇರಿಸುತ್ತಾ ತೆಗೆಯುತ್ತಾ, ಅತ್ತೆ ನೋವಿಲ್ಲದೆ ಕೂತು ಏಳಬಲ್ಲ ಎತ್ತರ ಕಂಡುಹಿಡಿದು, ಅಷ್ಟುದ್ದದ ಪೊರಕೆ ಕಡ್ಡಿಯೊಂದನ್ನು ಮುರಿದುಕೊಂಡೆ. ಕಾಲು ಎತ್ತಬಲ್ಲ ಎತ್ತರಕ್ಕೆ ಇನ್ನೊಂದು ಗಿಡ್ಡ ಕಡ್ಡಿ. ತೆಂಗಿನ ಕಡ್ಡಿ ಟೇಪಿಗಿಂತ ವಾಸಿ. ಅದರಲ್ಲಿ ಓದುವುದಕ್ಕೆ ಏನೂ ಇಲ್ಲ, ಆದ್ದರಿಂದ ತಪ್ಪು ಓದುವುದಕ್ಕೂ ಆಗುವುದಿಲ್ಲ.

ಗ್ಯಾರೇಜಿನವನು ಜಾವಗಲ್ ಕಡೆಯವನು, ಬಾಯಿ ಜೋರು. ಎರಡು ಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಅಕ್ಕ, ಎಲ್ರೂ ಗಾಡಿ ಎತ್ರ ಮಾಡ್ಸಕ್ ಬತ್ತಾರೆ. ತಗ್ಸಿ ಅಂತ ಬಂದೋರು ನೀವೇ ಮೊದ್ಲು. ಅದೂ ಪೊರ್ಕೆ ಹಿಡ್ಕಂಡು.” ಆದರೆ ಕೆಲಸ ಗೊತ್ತಿತ್ತು. ಹಿಂದಿನ ಚಕ್ರದ ಮೇಲೆ ಕಬ್ಬಿಣದ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ, ಗಾಡಿಯ ಭಾರ ಹೊರುವುದು ಅವೇ. ಅದರಲ್ಲಿ ಒಂದೆರಡು ಕಳಚಿದರೆ ಹಿಂಭಾಗ ಇಳಿಯುತ್ತದೆ. ಮುಂದೆ ಒಂದು ಬೋಲ್ಟು ಸಡಿಲಿಸಿದರೆ ಮುಂಭಾಗವೂ ಇಳಿಯುತ್ತದೆ. ಕಳಚುವುದಕ್ಕೆ, ಸಡಿಲಿಸುವುದಕ್ಕೆ ಸಾಮಾನು ಬೇಡ, ಕೂಲಿ ಮಾತ್ರ. ನನ್ನ ಡಬ್ಬಿಗೆ ಹೇಳಿ ಮಾಡಿಸಿದ ರಿಪೇರಿ.

ಚಕ್ರಗಳು ರೈಲ್ವೆ ಹಳಿಯ ಆಚೆಯ ಗುಜರಿಯಲ್ಲಿ ಸಿಕ್ಕವು. ಬೋಲ್ಟಿನ ತೂತು ಹೊಂದುವ ಸಣ್ಣ ಚಕ್ರ ನಾಲ್ಕು ಇದ್ದವು, ಆದರೆ ಎರಡು ನಕ್ಷತ್ರದ ಹಾಗೆ ಕಡೆದ ಬೆಳ್ಳಿ ಬಣ್ಣದವು, ಇನ್ನೆರಡು ಸಾದಾ ಕಪ್ಪು. “ಎಡಕ್ಕೆ ನಕ್ಷತ್ರ, ಬಲಕ್ಕೆ ಕಪ್ಪು ಹಾಕ್ತೀನಕ್ಕ. ಒಂದೇ ಸಲ ಎರಡೂ ಕಡೆ ಯಾರ್ ನೋಡ್ತಾರೆ?” ಅಂದ ಗ್ಯಾರೇಜಿನವನು. ಅವನ ಮಾತು ಸರಿಯೇ ಅನ್ನಿಸಿತು. ಇವತ್ತಿಗೂ ನಮ್ಮ ಕಾರನ್ನು ಬೀದಿಯವರು ಒಂದು ಕಾರೆಂದೂ ಹಿತ್ತಲ ಕಡೆಯವರು ಇನ್ನೊಂದು ಕಾರೆಂದೂ ತಿಳಿದಿದ್ದಾರೆ.

ಎಲ್ಲ ಮುಗಿದ ಮೇಲೆ ಗಾಡಿಯನ್ನು ನೆಲಕ್ಕಿಳಿಸಿ ಕಡ್ಡಿ ಹಿಡಿದೆವು. ಗಿಡ್ಡ ಕಡ್ಡಿ ಬಾಗಿಲಿನ ಅಂಚಿಗೆ ಸರಿ, ಉದ್ದ ಕಡ್ಡಿ ಸೀಟಿಗೆ ಸರಿ. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಅತ್ತೆ ಹೊರಗೆ ಬಂದರು. ಬೀದಿ ಖಾಲಿ ಇದೆಯೇ ಎಂದು ಆ ಕಡೆ ಈ ಕಡೆ ನೋಡಿ, ಗಾಡಿಗೆ ಬೆನ್ನು ಮಾಡಿ, ಕೂತರು. ಒಂದು ಕಾಲು, ಆಮೇಲೆ ಇನ್ನೊಂದು. ಯಾರ ಕೈಯೂ ಬೇಕಾಗಲಿಲ್ಲ. ಸೆರಗು ಸರಿಮಾಡಿಕೊಂಡು, “ಬಾಗ್ಲಾಕು. ಟೀ ಅಂಗಡಿ ಮುಂದೆ ಹಾದು ಹೋಗು, ನಿಧಾನಕ್ಕೆ” ಅಂದರು. ಕಿಟಕಿ ಇಳಿಸಿಕೊಂಡು ಟೀ ಅಂಗಡಿಯ ಕಡೆಗೆ ನೋಡದೇ ಹೋದರು. ಸ್ಟೀರಿಂಗ್ ಹಿಡಿದಿದ್ದ ನಾನು ಅವರನ್ನೇ ನೋಡುತ್ತಾ ಗೇರು ಬದಲಿಸುವುದನ್ನು ಮರೆತೆ.

ನಮ್ಮವರು ಸಂಜೆ ಬಂದು ಗಾಡಿಯನ್ನು ಸುತ್ತು ಹಾಕಿದರು. “ಯಾಕೋ ಕುಳ್ಳಗೆ ಕಾಣ್ತದಲ್ಲ.” ಹೊಸ ಚಕ್ರ, ಪಳಗುವವರೆಗೆ ಹಾಗೇ ಇರುತ್ತದೆ ಅಂದೆ. ಅವರು ಬೇರೆ ಕಾರಣಕ್ಕೆ ಸಮಾಧಾನಗೊಂಡರು. ಚಕ್ರ ಚಿಕ್ಕದಾದರೆ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಮೀಟರು ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಇದು ಅವರಿಗೆ ಗೊತ್ತಿಲ್ಲ, ನಾನು ಹೇಳಲಿಲ್ಲ. “ಎಂಬತ್ತರಲ್ಲಿ ಹೋದ್ರೂ ಅಲ್ಲಾಡಲ್ಲ ಕಣೇ ಗಾಡಿ” ಎಂದು ಖುಷಿಪಟ್ಟರು. “ಆದ್ರೂ ಜನ ಹಿಂದೆ ಹಾಕ್ಕೊಂಡ್ ಹೋಗ್ತಾರೆ. ಏನ್ ಅವಸರವೋ ಈಗಿನೋರ್ಗೆ.”

ಹಳೇಬೀಡಿಗೆ ಹೋಗುವ ಮೊದಲು ಹತ್ತಿರದಲ್ಲಿ ಒಂದು ಸಲ ಹೋಗಿ ಬರೋಣವೆಂದು ಜಾವಗಲ್‌ನ ನೆಂಟರ ಮನೆಗೆ ಹೋದೆವು. ಊಟವಾಯಿತು, ಮಾತಾಯಿತು. ಹೊರಡುವಾಗ ಅತ್ತೆ ಗಾಡಿಗೆ ಬೆನ್ನು ಮಾಡಿ ಕೂರಲು ಹೋದರೆ ಸೀಟು ಸಿಗಲೇ ಇಲ್ಲ. ನೋಡುತ್ತೇನೆ, ಹಸು ಏಳುವಾಗ ಮೊದಲು ಹಿಂಭಾಗ ಎತ್ತುತ್ತದಲ್ಲ, ಹಾಗೆ ನಿಂತಿದೆ ಗಾಡಿ. ನಾನು ಗಾಬರಿಯಿಂದ ಅದರ ಸುತ್ತ ಓಡಾಡುತ್ತಿರುವಾಗ ಆ ಮನೆಯವರು, “ಬರಿಗೈಲಿ ಕಳ್ಸೋದುಂಟಾ” ಎಂದು ರಾಗಿ ಚೀಲ, ಹುರುಳಿ ಚೀಲ, ನಾಲ್ಕು ಹಲಸಿನಹಣ್ಣು ತಂದು ಡಿಕ್ಕಿಗೆ ತುಂಬಿದರು. ಗಾಡಿ ಉಸ್ಸೆಂದು ಕೂತುಕೊಂಡಿತು. ಅತ್ತೆಯೂ ಕೂತರು.

ದಾರಿಯಲ್ಲಿ ತಿಳಿಯಿತು. ನಮ್ಮ ಗಾಡಿಯ ಡಿಕ್ಕಿಯಲ್ಲಿ ತೋಟದ ಕಾಯಿಚೀಲ ಇಲ್ಲದ ದಿನವೇ ಇಲ್ಲ. ಗ್ಯಾರೇಜಿಗೆ ಹೋದ ದಿನವೂ ತುಂಬಿತ್ತು, ಜಾವಗಲ್‌ಗೆ ಹೋದಾಗಲೂ ತುಂಬಿತ್ತು. ನೆಂಟರು ಅವನ್ನು ನೋಡಿ ತಮಗೇ ತಂದದ್ದೆಂದು ಇಳಿಸಿಕೊಂಡಿದ್ದರು. ಸೀದಾ ಗ್ಯಾರೇಜಿಗೆ ಹೋದೆ.

“ಅವತ್ತು ಹಿಂದೆ ಕಾಯಿ ಇತ್ತಲ್ಲ, ನೀವು ನೋಡ್ಲಿಲ್ವಾ?”

“ನೋಡ್ದೆ ಕಣಕ್ಕ. ಕಾಯಿ ತಾನೆ ಅಂತ ಬಿಟ್ಟೆ.”

ಅವನನ್ನು ಏನೆಂದು ಬೈಯಲಿ? ಅವನೂ ತೆಂಗಿನ ತೋಟದ ಮನೆಯವನು. ತೆಂಗು ಬೆಳೆಯದ ಊರಿನವನಾಗಿದ್ದರೆ ಇಷ್ಟು ಭಾರ ಯಾಕೆ ಎಂದು ಇಳಿಸಿ ಅಳೆಯುತ್ತಿದ್ದ. ನಮಗಿಬ್ಬರಿಗೂ ಕಾಯಿಚೀಲ ಗಾಡಿಯ ಮೈಯೇ ಅನ್ನಿಸಿತ್ತು. ಈಗ ಇನ್ನೊಂದು ಪ್ಲೇಟು ತೆಗೆದರೆ ಕಾಯಿ ತುಂಬಿದಾಗ ಗಾಡಿ ನೆಲಕ್ಕೆ ಬಡಿಯುತ್ತದೆ. ಹಾಗಾಗದಂತೆ ಮಾಡಬೇಕಾದರೆ ಬೇರೆಯದೇ ಸ್ಪ್ರಿಂಗು ಹಾಕಬೇಕು, ಅದು ಚಿಪ್ಪಿನ ದುಡ್ಡಿಗೆ ನಿಲುಕುವ ಮಾತಲ್ಲ. ಡಬ್ಬಿ ಆಗಲೇ ಖಾಲಿ.

ಭಾರಕ್ಕೆ ಬೇರೆ ಏನಾದರೂ ಹಾಕೋಣವೆಂದು ಯೋಚಿಸಿದೆ. ಮರಳಿನ ಚೀಲ ಹಾಕಿಕೊಂಡು ಓಡಾಡಿದರೆ ಮರಳು ಸಾಗಿಸುತ್ತಿದ್ದೇವೆಂದು ಪೊಲೀಸರು ಹಿಡಿಯುತ್ತಾರೆ. ಕಲ್ಲು ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ. ಹಳೇಬೀಡಿನಿಂದ ಡಿಕ್ಕಿ ತುಂಬ ಕಲ್ಲು ಹೇರಿಕೊಂಡು ಬರುವವರನ್ನು ಯಾರು ಸುಮ್ಮನೆ ಬಿಡುತ್ತಾರೆ? ಕೊನೆಗೆ ಕಾಯಿಯೇ ಗತಿಯೆಂದಾಯಿತು. ಆದರೆ ನಮ್ಮ ಕಡೆ ಕಾಯಿ ತುಂಬಿದ ಗಾಡಿಯಲ್ಲಿ ನೆಂಟರ ಮನೆಗೆ ಹೋಗಿ, ಹಾಗೇ ಕಾಯಿ ವಾಪಸ್ ತಂದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಅದಕ್ಕೇ ಹಳೇಬೀಡಿಗೆ ಹೊರಟ ದಿನ ಡಿಕ್ಕಿಗೆ ಬೀಗ ಹಾಕಿ, ಯಾರಾದರೂ ಕೇಳಿದರೆ ಇವು ಗಿರಾಕಿಯೊಬ್ಬರಿಗೆ ತಲುಪಿಸಬೇಕಾದ ಕಾಯಿ ಎಂದು ಹೇಳುವುದೆಂದು ಅತ್ತೆಗೂ ಪಾಠ ಮಾಡಿದೆ. ಅವರು ಮಗುವಿನ ಹಾಗೆ ತಲೆಯಾಡಿಸಿದರು.

ನಮ್ಮವರ ಅಪ್ಪಣೆ ಒಂದೇ: ಸಂಜೆಗೆ ಮನೆಯಲ್ಲಿರಬೇಕು. ತಾಯಿ ಇನ್ನೊಬ್ಬರ ಮನೆಯಲ್ಲಿ ರಾತ್ರಿ ಉಳಿದರೆ ಅವರಿಗಾಗುವುದಿಲ್ಲ. ಮಾತ್ರೆ ತಪ್ಪುತ್ತದೆ ಅನ್ನುತ್ತಾರೆ. ಅಸಲು ಭಯ ಬೇರೆ: ಮಗ ಸೊಸೆ ಇರುವ ಹೆಂಗಸು ಅಕ್ಕನ ಮನೆಯಲ್ಲಿ ಹೋಗಿ ಉಳಿದಳೆಂದರೆ, ಮನೆಯಲ್ಲಿ ಅನ್ನ ಹಾಕುತ್ತಿಲ್ಲವೇನೋ ಎಂದು ಜನ ಗುಸುಗುಟ್ಟುತ್ತಾರೆ. ಬಸ್ಸಿನ ಕಾಲದಲ್ಲೂ ಅತ್ತೆ ಕೊನೆಯ ಬಸ್ಸಿಗೆ ಓಡಿ ಬರುತ್ತಿದ್ದವರೇ.

ದೊಡ್ಡಮ್ಮನ ಮನೆ ದೇವಸ್ಥಾನದಿಂದ ಆಚೆ, ಸಣ್ಣ ಓಣಿಯಲ್ಲಿ. ಬರುವ ದಾರಿಯ ಹಂಪಿನ ಮೇಲೆ ನಮ್ಮ ಗಾಡಿಯ ಹೊಟ್ಟೆ ಕರ್ರೆಂದು ಉಜ್ಜಿ, ಪ್ರವಾಸಿ ಬಸ್ಸಿನಿಂದ ಇಳಿಯುತ್ತಿದ್ದವರೆಲ್ಲ ದೇವಸ್ಥಾನ ಬಿಟ್ಟು ನಮ್ಮನ್ನು ನೋಡಿದರು. ದೊಡ್ಡಮ್ಮ ಜಗಲಿಯ ಮೇಲೆ ಕಾಯುತ್ತಾ ಕೂತಿದ್ದರು. ಅತ್ತೆ ತಾವಾಗಿ ಇಳಿದು, ಗೋಡೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತರು. ಅಪ್ಪಿಕೊಳ್ಳುವುದು ಅಳುವುದು ಏನೂ ಇಲ್ಲ.

“ಈಗ್ ಬಂದ್ಯಾ?” ಅಂದರು ದೊಡ್ಡಮ್ಮ.

“ಊಟಕ್ಕೇನ್ ಮಾಡ್ಸಿದೀಯಾ?” ಅಂದರು ಅತ್ತೆ.

ಅಷ್ಟೇ. ಆದರೆ ತಂಗಿಯ ಕೈಯನ್ನು ದೊಡ್ಡಮ್ಮ ತಮ್ಮ ಮಡಿಲಲ್ಲಿ ಇಟ್ಟುಕೊಂಡವರು ಊಟಕ್ಕೆ ಏಳುವವರೆಗೂ ಬಿಡಲಿಲ್ಲ. ಆಮೇಲೆ ಶುರುವಾಯಿತು ಮಾತು. ಒಬ್ಬರಿಗೆ ಕೇಳಿಸದು, ಇನ್ನೊಬ್ಬರಿಗೆ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಯಾವ ನೆಂಟರ ಬಗ್ಗೆ ಇಬ್ಬರ ಅಭಿಪ್ರಾಯವೇನು ಎಂದು ಓಣಿಗೆಲ್ಲ ಗೊತ್ತಾಯಿತು. ಮಧ್ಯೆ ಒಮ್ಮೆ ಅತ್ತೆ, ಚೀಲ ಗಾಡಿಯಲ್ಲೇ ಉಳಿದಿದೆ, ಮಾತ್ರೆ ಬೇಕು ಎಂದು ನನ್ನಿಂದ ಬೀಗದ ಕೈ ಇಸಿದುಕೊಂಡರು. ನಾನು ಹಿತ್ತಲಿನಲ್ಲಿ ದೊಡ್ಡಮ್ಮನ ಸೊಸೆಯ ಜೊತೆ ಕರಿಬೇವಿನ ಗಿಡ ನೋಡುತ್ತಿದ್ದೆ.

ನಾಲ್ಕೂವರೆಗೆ ನಮ್ಮವರ ಫೋನು ಬಂತು, ಹೊರಟಿರಾ ಎಂದು. ಹೊರಗೆ ಬಂದು ನೋಡಿದರೆ ಗಾಡಿ ಹಿಂಭಾಗ ಎತ್ತಿಕೊಂಡು ನಿಂತಿತ್ತು. ಡಿಕ್ಕಿ ಖಾಲಿ. ಕಾಯಿಯೆಲ್ಲ ದೊಡ್ಡಮ್ಮನ ಅಟ್ಟ ಸೇರಿತ್ತು.

ನಾನು ತಲೆ ಚಚ್ಚಿಕೊಂಡು, ಜಾವಗಲ್‌ನವರು ಕೊಟ್ಟ ಹಾಗೆ ಎರಡು ಚೀಲ ರಾಗಿಯಾದರೂ ಕೊಡಿ, ನಾಳೆಯೇ ತಂದು ಮುಟ್ಟಿಸುತ್ತೇನೆ ಅಂದೆ. ದೊಡ್ಡಮ್ಮ ಒಳಗೆ ಕೈ ತೋರಿಸಿದರು. ದೇವರ ಮುಂದೆ ದೀಪ ಉರಿಯುತ್ತಿತ್ತು. “ದೀಪ ಹಚ್ಚಿದ್ ಮೇಲೆ ಮನೆಯಿಂದ ಧಾನ್ಯ ಆಚೆ ಕೊಡ್ತಾರೇನಮ್ಮಾ? ಲಕ್ಷ್ಮಿ ಹೋಗ್ತಾಳೆ.” ಓಣಿಯಲ್ಲಿ ಇನ್ನೂ ಒಳ್ಳೆಯ ಬಿಸಿಲಿತ್ತು. ಆ ಹೊತ್ತಿಗೆ ದೀಪ ಹಚ್ಚಿದ್ದನ್ನು ನಾನು ಯಾರ ಮನೆಯಲ್ಲೂ ಕಂಡಿರಲಿಲ್ಲ.

ಪಕ್ಕದ ಮನೆಯ ಮೂವರು ಗಂಡಸರು ಪಾಪ, ನಾವು ಹಿಂದೆ ಕೂತುಕೊಳ್ಳುತ್ತೇವೆ, ಅಜ್ಜಿ ಹತ್ತಲಿ ಎಂದು ಡಿಕ್ಕಿಯೊಳಗೆ ಮಡಿಚಿಕೊಂಡು ಕೂತರು. ಗಾಡಿ ಸರಿಯಾಗಿ ಕಡ್ಡಿಯ ಎತ್ತರಕ್ಕೆ ಬಂತು. ಅತ್ತೆ ಬಾಗಿಲವರೆಗೆ ಬಂದು, ಡಿಕ್ಕಿಯೊಳಗಿನ ಮೂರು ತಲೆಗಳನ್ನು ನೋಡಿದರು.

“ನೀವು ಅರಸೀಕೆರೆಗಂಟ ಬತ್ತೀರಾ?”

“ಇಲ್ಲಜ್ಜಿ, ನೀವು ಕೂತ್ಮೇಲೆ ಇಳ್ಕೋತೀವಿ.”

“ಇಳಿದ್ರೆ ಗಾಡಿ ಮೇಲೇಳ್ತದಲ್ಲಪ್ಪ. ಅಲ್ಲೋಗಿ ನಾನು ಹೆಂಗಿಳೀಲಿ? ಬಾವಿಗೆ ಬಿದ್ದಂಗೆ ಬೀಳ್ಲಾ?”

ಮೂವರಿಗೂ ಅದು ನಿಜವೆನ್ನಿಸಿ ಇಳಿದು ಹೋದರು. ನಮ್ಮವರು ಫೋನಿನಲ್ಲಿ, ಯಾರನ್ನಾದರೂ ಕರೆದು ಎತ್ತಿ ಕೂರಿಸು ಎಂದು ಕೂಗಾಡುತ್ತಿದ್ದರು. ಅತ್ತೆ ಫೋನು ಇಸಿದುಕೊಂಡು, “ಎತ್ತುಸ್ಕೊಳ್ಳಲ್ಲ ಕಣಪ್ಪ. ಗಾಡಿ ಸರಿ ಮಾಡ್ಸು, ಬತ್ತೀನಿ” ಎಂದು ನನ್ನ ಕೈಗೆ ಕೊಟ್ಟು, ಅಕ್ಕನ ಪಕ್ಕಕ್ಕೆ ಹೋಗಿ ಕೂತರು.

ನಾನೊಬ್ಬಳೇ ಹೊರಡುವಾಗ ದೊಡ್ಡಮ್ಮನ ಸೊಸೆ ಗಾಡಿಯವರೆಗೆ ಬಂದಳು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. “ಅಕ್ಕ, ಬೇಜಾರ್ ಮಾಡ್ಕೋಬೇಡಿ. ನಾವಾಗಿ ಮುಟ್ಲಿಲ್ಲ. ಚಿಕ್ಕತ್ತೆನೇ ಬೀಗದ ಕೈ ಕೊಟ್ಟು, ‘ಎಲ್ಲಾ ಇಳಿಸ್ಬಿಡಿ, ಒಂದೂ ಬಿಡ್ಬೇಡಿ’ ಅಂದ್ರು. ದೀಪನೂ ಅವರೇ ಹಚ್ಚಿಸಿದ್ದು.”

ನಾನು ಚಾಪೆಯ ಕೆಳಗೆ ತೂರಿದ್ದೆ, ಅತ್ತೆ ರಂಗೋಲಿಯ ಕೆಳಗೆ ತೂರಿದ್ದರು. ಮೊದಲು ಸಿಟ್ಟೇ ಬಂತು. ಗುಜರಿ ಸುತ್ತಿದವಳು ನಾನು, ಗಂಡನಿಗೆ ಸುಳ್ಳು ಹೇಳಿದವಳು ನಾನು, ಈಗ ಮನೆಗೆ ಹೋಗಿ ಬೈಸಿಕೊಳ್ಳಬೇಕಾದವಳೂ ನಾನು. ವಾಪಸ್ ಜಗಲಿಗೆ ಹೋದೆ. ಅತ್ತೆ ನನ್ನ ಮುಖ ನೋಡದೆ ಅಡಿಕೆ ಕತ್ತರಿಸುತ್ತಿದ್ದರು.

“ಮಾತ್ರೆ?” ಎಂದು ಕೇಳಿದೆ.

“ತಂದಿದೀನಿ.”

“ಎಷ್ಟು ದಿನದ್ದು?”

“ಡಬ್ಬಿ ಪೂರ್ತಿ.”

ದೊಡ್ಡಮ್ಮನಿಗೆ ಇದು ಮಾತ್ರ ಚೆನ್ನಾಗಿ ಕೇಳಿಸಿರಬೇಕು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹೋಗಿ ಬರುವುದಷ್ಟೇ ಅವರಿಗೆ ಬೇಕಾದದ್ದು ಎಂದುಕೊಂಡಿದ್ದೆ. ಒಮ್ಮೆಯಾದರೂ ಕೊನೆಯ ಬಸ್ಸಿನ ಯೋಚನೆಯಿಲ್ಲದೆ ಅಕ್ಕನ ಪಕ್ಕ ಮಲಗಿ ಏಳಬೇಕೆಂಬ ಆಸೆ ಅವರಿಗಿತ್ತು. ಅದನ್ನು ಬಾಯಿಬಿಟ್ಟು ಕೇಳಿದರೆ ಹತ್ತು ಜನ ಹತ್ತು ಮಾತಾಡುತ್ತಾರೆ. ಗಾಡಿ ಹತ್ತಲಾಗಲಿಲ್ಲ ಅಂದರೆ ಯಾರೂ ಏನೂ ಅನ್ನುವಂತಿಲ್ಲ.

ಅತ್ತೆ ಅಲ್ಲೇ ಉಳಿದರು. ನಾನು ಮನೆಗೆ ಬಂದು, ಗಾಡಿ ತಗ್ಗಿಸಿದ್ದನ್ನು ಒಪ್ಪಿಕೊಂಡು ಬೈಸಿಕೊಂಡೆ. ಅರಸೀಕೆರೆಯಲ್ಲಿ ಯಾರು ಕೇಳಿದರೂ ನಮ್ಮವರು ಗಾಡಿಯ ಕಡೆ ಕೈ ತೋರಿಸಿ, ಸ್ಪ್ರಿಂಗು ಕೆಟ್ಟಿದೆ, ಅದಕ್ಕೇ ಅನ್ನುತ್ತಿದ್ದರು. ವಾರ ಕಳೆಯುವುದರೊಳಗೆ ಅವರ ತಾಳ್ಮೆ ಮುಗಿಯಿತು. ಈ ಸಲ ತಮ್ಮ ಜೇಬಿನಿಂದಲೇ ದುಡ್ಡು ತೆಗೆದು ನನ್ನ ಕೈಗಿಟ್ಟು, ಕಾಯಿ ಇರಲಿ ಬಿಡಲಿ ಅಮ್ಮ ಹತ್ತುವ ಹಾಗೆ ಹೊಸ ಸ್ಪ್ರಿಂಗು ಹಾಕಿಸಿಕೊಂಡು ಬಾ ಅಂದರು. ನಮ್ಮ ಈ ರಿಪೇರಿಗೆ ಕೊಬ್ಬರಿಯ ದುಡ್ಡು ಬಂದದ್ದು ಅದೇ ಮೊದಲು. ಅವರಿಗೆ ತಾಯಿಯಿಲ್ಲದ ಮನೆ ನಿಜಕ್ಕೂ ಸೇರುತ್ತಿರಲಿಲ್ಲ, ಅದೂ ನನಗೆ ಕಾಣುತ್ತಿತ್ತು.

ಗ್ಯಾರೇಜಿನವನು ಜಾಕು ಹಚ್ಚಿ, ಗಾಡಿಯ ಕೆಳಗೆ ಗೋಣಿ ಹಾಸಿ ಮಲಗುವುದಕ್ಕೆ ತಯಾರಾದ. “ಇನ್ ಮೇಲೆ ಅಜ್ಜಿ ಯಾವಾಗ್ ಬೇಕಾದ್ರೂ ಹತ್ತಬೌದು ಬಿಡಕ್ಕ” ಅಂದ.

“ಇಳಿಸಿ ಜಾಕು” ಅಂದೆ. “ಗಾಡಿ ಹಿಂಗೇ ಇರ್ಲಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಗೋಣಿ ಕೊಡವಿ ಮಡಿಚಿಟ್ಟ.

ಮನೆಯಲ್ಲಿ ನಮ್ಮವರು ಬಾಗಿಲಿನಲ್ಲೇ ನಿಂತಿದ್ದರು. “ಏನಂದ?”

“ಈ ಗಾಡಿಗೆ ಆಗಲ್ವಂತೆ ರೀ. ಕಾಯಿ ತುಂಬ್ಕೊಂಡು ಹೋಗಿ ಕರ್ಕೊಂಡ್ ಬರ್ತೀನಿ, ಅತ್ತೆ ಹೇಳಿ ಕಳಿಸ್ಲಿ.” ದುಡ್ಡು ವಾಪಸ್ ಕೊಟ್ಟೆ. ದುಡ್ಡು ಉಳಿದ ಸಮಾಧಾನವೋ ತಾಯಿ ಬರಲಿಲ್ಲವೆಂಬ ಬೇಸರವೋ, ಎರಡೂ ಸೇರಿಕೊಂಡ ಮುಖ ಮಾಡಿಕೊಂಡು ಒಳಗೆ ಹೋದರು.

ಜಗಲಿಯ ಮೇಲೆ ಕೂತೆ. ಬೇಲೂರಿನಲ್ಲಿ ಅಮ್ಮನ ಮನೆಗೆ ಹೋದರೆ ನಾನೂ ಸಂಜೆಗೆ ಹೊರಟು ಬರುವವಳೇ. ಅಲ್ಲಿ ರಾತ್ರಿ ಮಲಗಿ ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಂಡೆ, ಸಿಗಲಿಲ್ಲ. ಎರಡೂ ಮಂಡಿಯನ್ನು ಒಮ್ಮೆ ಒತ್ತಿ ನೋಡಿಕೊಂಡೆ. ಹಾಳಾದವು, ಗಟ್ಟಿಯಾಗಿದ್ದವು.